ಗೆದ್ದಲು ತಿಂದ ಸಾಲು

ಆ ಟ್ರಂಕು ನೋಡಿದ ಕೂಡಲೇ ನನಗೆ ನಮ್ಮ ಮನೆಯ ಅಟ್ಟ ನೆನಪಾಯಿತು. ಅದೇ ತಗಡು, ಅದೇ ತುಕ್ಕು ಹಿಡಿದ ಚಿಲಕ. ತೆಗೆದರೆ ಅದೇ ವಾಸನೆ. ಹಳೇ ಕಾಗದ, ನುಸಿಗುಳಿಗೆ, ಜೊತೆಗೆ ಸ್ವಲ್ಪ ಸಮುದ್ರ.

ತಾಂಜಾನಿಯಾದ ದಾರ್ ಎಸ್ ಸಲಾಮಿನಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಅಂತ ಹೋಗಿ ನಾನು ಮೂರು ವರ್ಷ ಇದ್ದೆ. ರಜೆ ಸಿಕ್ಕಾಗ ದೋಣಿ ಹತ್ತಿದರೆ ಎರಡು ತಾಸಿಗೆ ಜಾಂಜಿಬಾರ್. ಅಲ್ಲಿನ ಹಳೇ ಪೇಟೆಯ ಓಣಿಯೊಂದರಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗನ ಅಜ್ಜನ ಮನೆ. ಎಲ್ಲರೂ ಅವರನ್ನು ಮ್ಜೀ ಅನ್ನುತ್ತಿದ್ದರು. ಹಿರಿಯರಿಗೆ ಅಲ್ಲಿ ಹಾಗೆ ಕರೆಯುವುದು. ಊಟ ಆದ ಮೇಲೆ ಮ್ಜೀ ಟ್ರಂಕಿನಿಂದ ಒಂದು ಬಟ್ಟೆಯ ಗಂಟು ತೆಗೆದು ಚಾಪೆ ಮೇಲೆ ಬಿಚ್ಚಿದರು. ಕಂದು ಹಾಳೆಗಳು, ಅರಬ್ಬಿ ಅಕ್ಷರ. ಕುರಾನ್ ಇರಬೇಕು ಅಂದುಕೊಂಡು ನಾನು ಕೈ ಹಿಂದೆ ತೆಗೆದೆ. ಅವರು ನಕ್ಕರು. 'ಇದು ಕುರಾನ್ ಅಲ್ಲ ಮಗಾ. ಕಿಸ್ವಾಹಿಲಿ. ಒಬ್ಬಳು ತಾಯಿ ಮಗಳಿಗೆ ಹೇಳಿದ್ದು.' ಕಿಸ್ವಾಹಿಲಿ ಅಂದರೆ ಸ್ವಾಹಿಲಿ ಭಾಷೆ, ಅಲ್ಲಿನವರ ಮಾತು. ಆಮೇಲೆ ಓದಲು ಶುರು ಮಾಡಿದರು. ಓದಿದ್ದು ಅಂದರೆ ತಪ್ಪು. ಹಾಡಿದರು.

ಅದು ಮ್ವಾನಾ ಕುಪೋನಾ ಅನ್ನುವ ಹೆಣ್ಣುಮಗಳು 1858ರಲ್ಲಿ ಕಟ್ಟಿದ ಪದ್ಯ. ಕೀನ್ಯಾ ಕರಾವಳಿಯ ಲಾಮು ಸೀಮೆಯವಳು, ಸಿಯು ಊರಿನ ಮುಖ್ಯಸ್ಥನ ಹೆಂಡತಿ. ಕಾಯಿಲೆ ಬಿದ್ದಿದ್ದಳು, ಹೆಚ್ಚು ದಿನ ಉಳಿಯಲ್ಲ ಅಂತ ಗೊತ್ತಿತ್ತು. ಮಗಳು ಮ್ವಾನಾ ಹಾಶಿಮಾಳಿಗೆ ಬುದ್ಧಿ ಹೇಳುತ್ತಾಳೆ. ಬಾ, ಮುಂದೆ ಕೂತುಕೋ, ಶಾಯಿ ಕಾಗದ ತಗೋ, ಮನಸ್ಸಿನಲ್ಲಿ ಒಂದು ಮಾತಿದೆ, ಹೇಳಬೇಕು ಅಂತ ಶುರುವಾಗುತ್ತದೆ. ದೇವರು, ಗಂಡ, ಮನೆ, ನಾಲಿಗೆ, ಎಲ್ಲದರ ಬಗ್ಗೆಯೂ ಉಪದೇಶ. ಗಂಡನ ವಿಷಯಕ್ಕೆ ಬಂದಾಗ ಇವತ್ತಿನ ಹುಡುಗಿಯರು ಪುಸ್ತಕ ಮುಚ್ಚಿಡುವಂಥ ಮಾತುಗಳೂ ಇವೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ನನ್ನನ್ನು ಹಿಡಿದದ್ದು ಆ ಶಾಯಿ-ಕಾಗದದ ಸಾಲು. ಅಮ್ಮ ಹೇಳುತ್ತಾಳೆ, ಮಗಳು ಬರೆಯುತ್ತಾಳೆ. ಬರಹ ಹುಟ್ಟುವಾಗಲೇ ಪಕ್ಕದಲ್ಲೊಂದು ಬಾಯಿ ಇದೆ.

ಅಲ್ಲಿಂದ ಊರಿಗೆ ಬಂದ ಮೇಲೂ ಈ ಹುಚ್ಚು ಬಿಡಲಿಲ್ಲ. ಅರಬ್ಬಿ ಲಿಪಿಯ ಹಸ್ತಪ್ರತಿಗಳಿಂದ ಸ್ವಾಹಿಲಿ ಜನರ ಚರಿತ್ರೆಯನ್ನು ಹೇಗೆ ಬರೆಯುತ್ತಾರೆ ಅಂತ ಸಿಕ್ಕಿದ್ದೆಲ್ಲ ಓದಿದೆ. ನಾನು ಇತಿಹಾಸದ ಮೇಷ್ಟ್ರಲ್ಲ. ಲೆಕ್ಕದವನು. ಹಳೇ ದಾಖಲೆ ಕಂಡರೆ 'ಇದನ್ನು ಯಾರು ಬರೆದರು, ಯಾಕೆ ಬರೆದರು' ಅಂತ ಕೇಳುವ ಚಾಳಿ ಮಾತ್ರ ಇದೆ.

ಮೊದಲು ಹೆಸರು. ಅರಬ್ಬಿಯಲ್ಲಿ ಸಾಹಿಲ್ ಅಂದರೆ ಕರಾವಳಿ, ಸವಾಹಿಲ್ ಅಂದರೆ ಕರಾವಳಿಗಳು. ಸ್ವಾಹಿಲಿಗಳು ಅಂದರೆ ಕರಾವಳಿಗರು, ಅಷ್ಟೇ. ಸೊಮಾಲಿಯಾದ ದಕ್ಷಿಣದಿಂದ ಮೊಜಾಂಬಿಕ್‌ವರೆಗೆ ಕಡಲಿಗೆ ಅಂಟಿಕೊಂಡ ಊರುಗಳ ಸರಮಾಲೆ: ಲಾಮು, ಪಾಟೆ, ಮಾಲಿಂದಿ, ಮೊಂಬಾಸಾ, ಪೆಂಬಾ, ಜಾಂಜಿಬಾರ್, ಕಿಲ್ವಾ. ಭಾಷೆಯ ಬೇರು ಆಫ್ರಿಕಾದ ಬಾಂಟು ಕುಟುಂಬದ್ದು. ಅದರ ಮೇಲೆ ಅರಬ್ಬಿ, ಪಾರ್ಸಿ, ನಮ್ಮ ಕಡೆಯ ಮಾತುಗಳೂ ಬಂದು ಕೂತಿವೆ. ಮೊದಲ ತಿಂಗಳಲ್ಲೇ ನನಗೆ ಮಜಾ ಅನಿಸಿದ್ದು ಇದು. ವಕೀಲರಿಗೆ ವಕೀಲಿ, ಸಾಬೂನಿಗೆ ಸಬುನಿ, ಹಿಸಾಬಿಗೆ ಹೆಸಾಬು, ಫಾಯಿದೆಗೆ ಫೈದಾ, ತಾರೀಖಿಗೆ ತರೆಹೆ, ಲಕ್ಷಕ್ಕೆ ಲಕಿ. ಹುಬ್ಬಳ್ಳಿ ಕಡೆ 'ಏನ್ ಖಬರು' ಅಂತಾರಲ್ವಾ, ಅಲ್ಲಿ ಸಿಕ್ಕವರೆಲ್ಲ 'ಹಬಾರಿ' ಅಂತಾರೆ. ಅವರ ಹಳೇ ಚರಿತ್ರೆಯ ಪುಸ್ತಕಗಳ ಹೆಸರೂ ಅದೇ. ಲಾಮು ಊರಿನ ವೃತ್ತಾಂತಕ್ಕೆ 'ಖಬರ್ ಅಲ್-ಲಾಮು' ಅಂತ ಹೆಸರು. ಲಾಮು ಖಬರು.

ಈ ಹಸ್ತಪ್ರತಿಗಳಲ್ಲಿ ಎರಡು ಜಾತಿ. ಕೆಲವು ಅರಬ್ಬಿ ಭಾಷೆಯಲ್ಲೇ ಬರೆದವು. ಶಾಸ್ತ್ರ, ಕಾನೂನು, ಕರಾರು, ಅರಸರ ವಂಶಾವಳಿ. ಇನ್ನು ಕೆಲವು ಮ್ಜೀ ಓದಿದಂಥವು, ಅಕ್ಷರ ಅರಬ್ಬಿಯದು, ಮಾತು ಸ್ವಾಹಿಲಿಯದು. ಇದರಲ್ಲಿ ನಮಗೆ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ಭಟ್ಕಳದ ನವಾಯತಿಯನ್ನು ಅರಬ್ಬಿ-ಪಾರ್ಸಿ ಅಕ್ಷರದಲ್ಲೇ ಬರೆಯುತ್ತಾರೆ.

ತೊಂದರೆ ಇರುವುದು ಆ ಅಕ್ಷರಗಳಲ್ಲಿ. ಅರಬ್ಬಿಗೆ 'ಪ' ಇಲ್ಲ, 'ಚ' ಇಲ್ಲ, 'ಗ' ಇಲ್ಲ. ಸ್ವಾಹಿಲಿಗೆ ಇವೆಲ್ಲ ಬೇಕು, ಮೇಲಿಂದ 'ಂಬ', 'ಂಡ' ಅಂತ ಮೂಗಿನಿಂದ ಶುರುವಾಗುವ ಶಬ್ದಗಳೂ ಬೇಕು. ಸ್ವರಗಳು ಸ್ವಾಹಿಲಿಯಲ್ಲಿ ಐದು, ಅರಬ್ಬಿಯ ಸ್ವರಚಿಹ್ನೆ ಮೂರು. ಹಾಗಾಗಿ 'ಇ'ಗೂ 'ಎ'ಗೂ ಒಂದೇ ಗುರುತು, 'ಉ'ಗೂ 'ಒ'ಗೂ ಒಂದೇ. ಹಳೇ ರೂಢಿಯಲ್ಲಿ ಬರೆದ ಒಂದು ಪದವನ್ನು 'ಪಾತಾ' ಅಂತ ಓದಿದರೆ ಪಡೆದುಕೋ ಅಂತ ಅರ್ಥ, 'ಬಾತಾ' ಅಂತ ಓದಿದರೆ ಬಾತುಕೋಳಿ. 'ಪುಂಡಾ' ಅಂದರೆ ಕತ್ತೆ, 'ಬುಂಡಾ' ಅಂದರೆ ಕಟ್ಟು. ಕತ್ತೆಯ ಮೇಲೆ ಕಟ್ಟು ಹೇರಿದರು ಅಂತ ಬರೆದಿದ್ದರೆ ಯಾವುದರ ಮೇಲೆ ಯಾವುದನ್ನು ಹೇರಿದರು ಅಂತ ದೇವರೇ ಬಲ್ಲ! ಕೆಲವು ಬರಹಗಾರರು ಚುಕ್ಕೆ ಸೇರಿಸಿ ಹೊಸ ಅಕ್ಷರ ಮಾಡಿಕೊಂಡರು. ಎಲ್ಲರೂ ಮಾಡಲಿಲ್ಲ.

ಹೊರಗಿನಿಂದ ಬಂದವರು ಇದನ್ನು ನೋಡಿ 'ಈ ಲಿಪಿ ಸ್ವಾಹಿಲಿಗೆ ಹೊಂದಲ್ಲ' ಅಂತ ತೀರ್ಮಾನ ಕೊಟ್ಟುಬಿಟ್ಟರು. ನನಗೆ ಹಾಗನಿಸಲಿಲ್ಲ. ನಮ್ಮ ಹಳೇ ತಾಳೆಗರಿಗಳಲ್ಲೂ 'ಎ'ಗೂ 'ಏ'ಗೂ, 'ಒ'ಗೂ 'ಓ'ಗೂ ವ್ಯತ್ಯಾಸ ತೋರಿಸುತ್ತಿರಲಿಲ್ಲ. ಪದಗಳ ನಡುವೆ ಜಾಗವೂ ಬಿಡುತ್ತಿರಲಿಲ್ಲ. ಆದರೂ ಗಮಕಿಗಳು ತಡವರಿಸದೆ ಓದುತ್ತಿದ್ದರು. ಷಟ್ಪದಿಯ ಮಾತ್ರೆ ಗೊತ್ತಿದ್ದವನಿಗೆ ಸ್ವರ ಎಲ್ಲಿ ಎಳೆಯಬೇಕು ಅಂತ ಛಂದಸ್ಸೇ ಹೇಳಿಕೊಡುತ್ತದೆ. ಸ್ವಾಹಿಲಿಯ 'ಉತೆಂಡಿ' ಪದ್ಯವೂ ಹಾಗೆಯೇ. ಒಂದು ಪದ್ಯಕ್ಕೆ ನಾಲ್ಕು ತುಂಡು, ಒಂದೊಂದು ತುಂಡಿಗೆ ಎಂಟೆಂಟು ಅಕ್ಷರ. ಮೊದಲ ಮೂರು ತುಂಡಿಗೆ ಒಂದು ಪ್ರಾಸ. ನಾಲ್ಕನೆಯದರ ಪ್ರಾಸ ಇಡೀ ಕಾವ್ಯಕ್ಕೆ ಒಂದೇ. ಹಾಡಿನ ದಾರಿ ಗೊತ್ತಿದ್ದರೆ ಬಾತುಕೋಳಿ ಪದ್ಯದೊಳಗೆ ನುಗ್ಗಲ್ಲ. ಲಿಪಿ ಅರ್ಧ ಹೇಳುತ್ತದೆ, ಇನ್ನರ್ಧ ಓದುವವನ ಗಂಟಲಲ್ಲಿ ಇರುತ್ತದೆ ಅಂತ ಬರೆಯುವವನಿಗೂ ಗೊತ್ತಿತ್ತು.

ಈಗ ನಿಜಕ್ಕೂ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ವಿಷಯಕ್ಕೆ ಬರುತ್ತೇನೆ. ಇವತ್ತಿಗೆ ಗೊತ್ತಿರುವ ಅತ್ಯಂತ ಹಳೆಯ ಸ್ವಾಹಿಲಿ ಪತ್ರಗಳು ಎಲ್ಲಿವೆ ಗೊತ್ತಾ? ಜಾಂಜಿಬಾರಿನಲ್ಲಲ್ಲ. ಲಂಡನ್ನಿನಲ್ಲಲ್ಲ. ಗೋವಾದ ಪತ್ರಾಗಾರದಲ್ಲಿ! ನಮ್ಮ ಹೊನ್ನಾವರದಿಂದ ಬಸ್ಸು ಹತ್ತಿದರೆ ಸಂಜೆಯೊಳಗೆ ಮುಟ್ಟುವ ಪಣಜಿಯಲ್ಲಿ. 1711ರಲ್ಲಿ ಕಿಲ್ವಾದಿಂದ ಬರೆದವು, ಅರಬ್ಬಿ ಲಿಪಿಯಲ್ಲಿ. ಮೊಜಾಂಬಿಕ್‌ನ ಪೋರ್ಚುಗೀಸರಿಗೂ ಅವರ ಕಡೆಯ ಸ್ಥಳೀಯರಿಗೂ ಹೋದ ಪತ್ರಗಳು. ಪೋರ್ಚುಗೀಸರ ಪೂರ್ವದ ರಾಜ್ಯಕ್ಕೆಲ್ಲ ಗೋವಾ ರಾಜಧಾನಿ ಆದ್ದರಿಂದ ಆ ಕಾಗದಗಳು ಸಮುದ್ರ ದಾಟಿ ಇಲ್ಲಿಗೆ ಬಂದವು. ಬಂದು ಇಲ್ಲೇ ಉಳಿದವು.

1711 ಅನ್ನುವ ಇಸವಿಗೆ ಅರ್ಥ ಇದೆ. 1698ರಲ್ಲಿ ಒಮಾನಿನವರು ಮೊಂಬಾಸಾದ ಕೋಟೆಯನ್ನು ಪೋರ್ಚುಗೀಸರಿಂದ ಕಿತ್ತುಕೊಂಡಿದ್ದರು. ಕರಾವಳಿಗೆ ದಣಿ ಬದಲಾಗಿದ್ದ. ಕಿಲ್ವಾದವರಿಗೆ ಹೊಸ ದಣಿ ಹಿಡಿಸಲಿಲ್ಲ, ಹಳೇ ಗಿರಾಕಿಯ ಜೊತೆ ಮಾತು ಮುಂದುವರಿಸಬೇಕಿತ್ತು. ಬರೆದವರಲ್ಲಿ ಕಿಲ್ವಾದ ರಾಣಿ ಫಾತಿಮಾ ಇದ್ದಳು, ಅವಳ ಮಗಳೂ ಇದ್ದಳು. ಸ್ವಾಹಿಲಿ ಚರಿತ್ರೆ ಅಂದರೆ ಸುಲ್ತಾನರ ಪಟ್ಟಿ ಅಂದುಕೊಂಡಿದ್ದ ನನಗೆ ಇದು ಚೆನ್ನಾಗಿಯೇ ತಟ್ಟಿತು. ಇವು ಯಾರೂ ಚರಿತ್ರೆಗೆ ಅಂತ ಬರೆದ ಕಾಗದ ಅಲ್ಲ. ಕೆಲಸಕ್ಕೆ ಬರೆದದ್ದು. ಒಬ್ಬರಿಗೆ ಹೇಳಬೇಕಾದ್ದನ್ನು ಹೇಳಿ, ಮಡಚಿ, ಹಡಗಿಗೆ ಹಾಕಿದ್ದು. ಲೆಕ್ಕದವನಾದ ನನಗೆ ಇಂಥ ಕಾಗದದ ಮೇಲೆ ನಂಬಿಕೆ ಜಾಸ್ತಿ.

ಚರಿತ್ರೆಗೆ ಅಂತಲೇ ಬರೆದ ಕಾಗದ ಕಿಲ್ವಾದ್ದೇ ಇನ್ನೊಂದಿದೆ. ಅದನ್ನು ಓದಿದ ಮೇಲೆ ಒಂದು ರಾತ್ರಿ ನಿದ್ದೆ ಬರಲಿಲ್ಲ. 'ಕಿತಾಬ್ ಅಲ್-ಸುಲ್ವಾ' ಅಂತ ಹೆಸರು, ಅರಬ್ಬಿ ಭಾಷೆಯದು. ಬರೆದವನ ಹೆಸರು ಗೊತ್ತಿಲ್ಲ. ಆದರೆ ಹುಟ್ಟಿದ ದಿನ ಅವನೇ ಬರೆದಿಟ್ಟಿದ್ದಾನೆ, ನಮ್ಮ ಲೆಕ್ಕಕ್ಕೆ 1499ರ ಮೇ ತಿಂಗಳು. ಹತ್ತು ಅಧ್ಯಾಯ ಅಂತ ಶುರುವಿನಲ್ಲಿ ಹೇಳುತ್ತಾನೆ. ನಮಗೆ ಸಿಕ್ಕಿರುವ ಪ್ರತಿ ಏಳಕ್ಕೇ ನಿಲ್ಲುತ್ತದೆ. ಆ ಪ್ರತಿಯೂ ಮೂಲವಲ್ಲ. 1877ರಲ್ಲಿ ಜಾಂಜಿಬಾರಿನಲ್ಲಿ ನಕಲು ಮಾಡಿದ್ದು, ಅಲ್ಲಿದ್ದ ಬ್ರಿಟಿಷ್ ಪ್ರತಿನಿಧಿ ಜಾನ್ ಕರ್ಕ್ ಕೈಯಿಂದ ಲಂಡನ್ನಿನ ಮ್ಯೂಸಿಯಮ್ಮಿಗೆ ಹೋಯಿತು. ಅಂದರೆ ಬರೆದದ್ದಕ್ಕೂ ನಮ್ಮ ಕೈಯಲ್ಲಿರುವ ಹಾಳೆಗೂ ನಡುವೆ ಮುನ್ನೂರು ವರ್ಷಕ್ಕೂ ಮೇಲೆ. ಎಷ್ಟು ಕೈ ದಾಟಿತೋ.

ಕಥೆ ಹೀಗಿದೆ. ಪರ್ಷಿಯಾದ ಶಿರಾಜಿನ ದೊರೆಗೆ ಒಂದು ಕನಸು ಬಿತ್ತು. ಕಬ್ಬಿಣದ ಮೂತಿಯ ಇಲಿ ಊರಿನ ಕೋಟೆಗೋಡೆಯನ್ನು ಕಡಿಯುತ್ತಿದೆ. ಊರಿಗೆ ಕೇಡುಗಾಲ ಬಂತು ಅಂತ ತಿಳಿದು ಅವನೂ ಆರು ಗಂಡುಮಕ್ಕಳೂ ಏಳು ಹಡಗಿನಲ್ಲಿ ಹೊರಟರು. ಒಂದೊಂದು ಹಡಗು ಒಂದೊಂದು ಊರಿಗೆ ನಿಂತಿತು, ಆರನೆಯದು ಕಿಲ್ವಾಕ್ಕೆ. ದ್ವೀಪದ ಯಜಮಾನ ಸ್ಥಳೀಯ ದೊರೆ. ದ್ವೀಪ ಕೊಡು ಅಂದರು. ಇಡೀ ದ್ವೀಪವನ್ನು ಸುತ್ತುವಷ್ಟು ಬಣ್ಣದ ಬಟ್ಟೆ ಕೊಡಿ ಅಂದ. ಕೊಟ್ಟರು. ಅವನು ಬಟ್ಟೆ ತಗೊಂಡು ಎದುರಿನ ನೆಲಕ್ಕೆ ಹೋದ. ಇವರನ್ನು ಹೊಡೆದು ದ್ವೀಪ ವಾಪಸ್ ತಗೊಳ್ಳುವ ಯೋಚನೆ ಅವನಿಗೆ ಇತ್ತು. ಆಗೆಲ್ಲ ನೀರಿಳಿದಾಗ ನಡೆದೇ ದಾಟಬಹುದಾಗಿತ್ತಂತೆ. ಇವರು ನಡುವಿನ ಜಾಗ ತೋಡಿಬಿಟ್ಟರು, ನೀರು ಮತ್ತೆ ಇಳಿಯಲೇ ಇಲ್ಲ.

ನಾನು ದಾರ್‌ನಿಂದ ದಕ್ಷಿಣಕ್ಕೆ ಬಸ್ಸಿನಲ್ಲಿ ಹೋಗಿ, ಕಿಲ್ವಾ ಮಸೋಕೊದಲ್ಲಿ ಇಳಿದು, ಹಾಯಿದೋಣಿಯಲ್ಲಿ ಆ ನೀರು ದಾಟಿದ್ದೇನೆ. ಆಗ ಈ ಕಥೆ ಗೊತ್ತಿರಲಿಲ್ಲ. ಗೊತ್ತಿದ್ದರೆ ದೋಣಿಯವನನ್ನು ಕೇಳುತ್ತಿದ್ದೆ.

ಇದೇ ಚರಿತ್ರೆಯ ಇನ್ನೊಂದು ರೂಪ ಪೋರ್ಚುಗೀಸ್ ಭಾಷೆಯಲ್ಲಿದೆ. ಜೋವಾವ್ ದ ಬಾರೋಸ್ 1552ರಲ್ಲಿ ಅಚ್ಚು ಹಾಕಿಸಿದ ಗ್ರಂಥದಲ್ಲಿ ಕಿಲ್ವಾ ಅರಸರ ವೃತ್ತಾಂತ ಸೇರಿಸಿದ. ಅದರಲ್ಲಿ ಇಲಿಯೂ ಇಲ್ಲ, ಕನಸೂ ಇಲ್ಲ. ಏಳು ಜನ ಅಣ್ಣತಮ್ಮಂದಿರು. ಅವರಲ್ಲಿ ಅಲಿ ಎನ್ನುವವನ ತಾಯಿ ಅಬಿಸೀನಿಯಾದ ಗುಲಾಮಳು, ಉಳಿದವರ ತಾಯಿ ಪರ್ಷಿಯಾದ ರಾಜಮನೆತನದವಳು. ಅಣ್ಣತಮ್ಮಂದಿರು ಹೀಯಾಳಿಸುತ್ತಿದ್ದರು, ಅದಕ್ಕೆ ಅವನು ಊರು ಬಿಟ್ಟ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಕಪ್ಪು ತಾಯಿ ಇದ್ದಾಳೆ. ಇನ್ನೊಂದರಲ್ಲಿ ಅವಳ ಜಾಗಕ್ಕೆ ಇಲಿ ಬಂದಿದೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ಪಂಡಿತರು ಬಡಿದಾಡಲಿ. ಒಂದು ಮನೆತನದ ಕಥೆಯಲ್ಲಿ ಅಜ್ಜಿ ಹೇಳದೆ ಕೇಳದೆ ಮಾಯವಾಗುವುದು ನಮಗೇನು ಹೊಸದಾ? ನಮ್ಮ ಮನೆಯ ವಂಶವೃಕ್ಷದಲ್ಲೇ ಎರಡು ಕಡೆ ಅಂಥ ತೂತು ಇದೆ. ಯಾರನ್ನು ಕೇಳಿದರೂ ಮಾತು ಬದಲಾಯಿಸುತ್ತಾರೆ.

ಬಿಳಿಯರ ಆಳ್ವಿಕೆಯಲ್ಲಿ ಈ ವೃತ್ತಾಂತವನ್ನು ಇದ್ದದ್ದು ಇದ್ದಹಾಗೆ ನಂಬಿದರು. ಕರಾವಳಿಯ ಕಲ್ಲಿನ ಮಸೀದಿ, ಅರಮನೆ ಎಲ್ಲ ಪರ್ಷಿಯಾದಿಂದ, ಅರಬಸ್ತಾನದಿಂದ ಬಂದವರೇ ಕಟ್ಟಿದ್ದು, ಆಫ್ರಿಕಾದವರಿಗೆ ಅದರಲ್ಲಿ ಏನೂ ಪಾಲಿಲ್ಲ ಅಂದರು. ಅವರಿಗೆ ಹಾಗೆ ಬೇಕಾಗಿತ್ತು. ಆಮೇಲೆ ಗಾಳಿ ತಿರುಗಿತು. ಲಾಮು ದ್ವೀಪಗಳ ಶಾಂಗಾ ಎಂಬ ಪಾಳು ಊರಿನಲ್ಲಿ 1980ರ ದಶಕದಲ್ಲಿ ಅಗೆದಾಗ ಕಲ್ಲಿನ ಮಸೀದಿಯ ಕೆಳಗೆ ಮರದ ಮಸೀದಿಯ ಗುರುತು ಸಿಕ್ಕವು, ಎಂಟನೇ ಶತಮಾನದಷ್ಟು ಹಳೆಯವು. ಅಲ್ಲಿಯ ಜನ ಮಣ್ಣಿನ ಮನೆಯಿಂದ ಕಲ್ಲಿನ ಮನೆಗೆ ಮೆಲ್ಲಗೆ ಬಂದಿದ್ದರು. ಒಂದು ದಿನ ಹಡಗಿನಿಂದ ಇಳಿದು ಊರು ಕಟ್ಟಿದವರಲ್ಲ. ಆಗ ಶಿರಾಜಿನ ಕಥೆ ಪೂರಾ ಕಟ್ಟುಕಥೆ ಅಂತ ಮೂಲೆಗೆ ತಳ್ಳಿದರು.

ಅಲ್ಲಿಗೆ ಮುಗಿಯಲಿಲ್ಲ. 2023ರಲ್ಲಿ ಹಳೇ ಗೋರಿಗಳಲ್ಲಿದ್ದ 80 ಜನರ ಡಿಎನ್‌ಎ ಪರೀಕ್ಷೆಯ ಫಲ ಹೊರಬಂತು. ಕರಾವಳಿ ಊರುಗಳವರಲ್ಲಿ ತಾಯಿಯ ಕಡೆ ಹೆಚ್ಚಾಗಿ ಆಫ್ರಿಕಾ, ತಂದೆಯ ಕಡೆ ಏಷ್ಯಾ. ಏಷ್ಯಾದ ಭಾಗದಲ್ಲಿ ಹೆಚ್ಚಿನದು ಪರ್ಷಿಯಾದ್ದು, ಸ್ವಲ್ಪ ನಮ್ಮ ಭಾರತದ್ದೂ ಇದೆ. ಈ ಬೆರಕೆ ಶುರುವಾದದ್ದು ಸುಮಾರು 1000ನೇ ಇಸವಿಯ ಹೊತ್ತಿಗೆ. ಶಿರಾಜಿನವರು ಅಂತ ಆ ಅನಾಮಿಕ ಹೇಳಿದ್ದರಲ್ಲಿ ಎಲ್ಲವೂ ಸುಳ್ಳಲ್ಲ. ಬಾರೋಸನ ಪುಸ್ತಕದಲ್ಲಿ ಬಂದುಹೋದ ಕಪ್ಪು ತಾಯಿ ಮೂಳೆಯಲ್ಲಿ ಎದ್ದು ನಿಂತಿದ್ದಳು. ಹಾಗಂತ ಡಿಎನ್‌ಎ ಬಂದು ಹಸ್ತಪ್ರತಿಯನ್ನು ಗೆಲ್ಲಿಸಿತು ಅಂತ ಕುಣಿಯುವವರ ಜೊತೆ ನಾನಿಲ್ಲ. ಏಳು ಹಡಗು, ಇಲಿ, ಬಟ್ಟೆ ಯಾವುದೂ ಮೂಳೆಯಲ್ಲಿ ಸಿಗಲ್ಲ. ವಾಮನ ಮೂರು ಹೆಜ್ಜೆ ಇಟ್ಟದ್ದನ್ನು, ಪರಶುರಾಮ ಕೊಡಲಿ ಎಸೆದು ನಮ್ಮ ಕರಾವಳಿ ಪಡೆದದ್ದನ್ನು ಯಾರಾದರೂ ಅಳತೆಪಟ್ಟಿ ಹಿಡಿದು ಪರೀಕ್ಷೆ ಮಾಡುತ್ತಾರಾ? ಅವು ಹಕ್ಕುಪತ್ರದ ಭಾಷೆ. 'ಈ ನೆಲ ನಾವು ಕಿತ್ತುಕೊಂಡದ್ದಲ್ಲ, ಬೆಲೆ ಕೊಟ್ಟು ಪಡೆದದ್ದು' ಅಂತ ಕಿಲ್ವಾದವರು ಹೇಳಬೇಕಿತ್ತು. ಬಟ್ಟೆ ಸುತ್ತಿ ಹೇಳಿದರು. ಬಟ್ಟೆಯೇ ಅಲ್ಲಿನ ದೊಡ್ಡ ವ್ಯಾಪಾರದ ಮಾಲು ಅನ್ನುವುದನ್ನೂ ಮರೆಯಬಾರದು.

ಹಸ್ತಪ್ರತಿಯನ್ನು ಒರೆಗೆ ಹಚ್ಚಲು ಇನ್ನೊಂದು ಬರಹ ಇದೆ, ನಾಣ್ಯದ ಮೇಲಿನದು. ಕಿಲ್ವಾದ ತಾಮ್ರದ ನಾಣ್ಯಗಳಲ್ಲಿ ಒಂದು ಕಡೆ ಸುಲ್ತಾನನ ಹೆಸರು, ಇನ್ನೊಂದು ಕಡೆ ಅದಕ್ಕೆ ಪ್ರಾಸ ಕೂಡುವ ದೇವರ ಸ್ತುತಿ. ಕೈಯಲ್ಲಿ ತಿರುಗಿಸಿದರೆ ಎರಡು ಸಾಲಿನ ಪದ್ಯ! ವೃತ್ತಾಂತದ ಅಲಿ ಬಿನ್ ಅಲ್-ಹಸನ್ ಎಂಬ ಹೆಸರು ನಾಣ್ಯದಲ್ಲೂ ಇದೆ. ಕಿಲ್ವಾವನ್ನು ಅಗೆದ ನೆವಿಲ್ ಚಿಟಿಕ್ ಅವನನ್ನು 1200ರ ಸುಮಾರಿಗೆ ಇಟ್ಟಿದ್ದ. 1984ರಲ್ಲಿ ಪೆಂಬಾ ದ್ವೀಪದ ಮ್ತಾಂಬ್ವೆಯಲ್ಲಿ 2,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳ ಗಂಟು ಸಿಕ್ಕಿತು. ಅದರಲ್ಲಿ ಅಲಿಯ ಹೆಸರೂ ಇತ್ತು, ಜೊತೆಗೆ ಈಜಿಪ್ಟಿನ ಫಾತಿಮಿ ಅರಸರ ಹನ್ನೊಂದನೇ ಶತಮಾನದ ಚಿನ್ನದ ನಾಣ್ಯಗಳೂ ಇದ್ದವು. ಅಲಿಯ ಕಾಲ ಸುಮಾರು ನೂರು ವರ್ಷಕ್ಕೂ ಹೆಚ್ಚು ಹಿಂದಕ್ಕೆ ಸರಿಯಿತು. ಈ ನಾಣ್ಯಗಳ ತಿರುಗಾಟವೂ ವಿಚಿತ್ರ. ಒಂದು ಗ್ರೇಟ್ ಜಿಂಬಾಬ್ವೆಯ ಪಾಳುಗಳಲ್ಲಿ ಸಿಕ್ಕಿದೆ. ಐದು 1944ರಲ್ಲಿ ಆಸ್ಟ್ರೇಲಿಯಾದ ಉತ್ತರದ ಒಂದು ದ್ವೀಪದ ಮರಳಲ್ಲಿ ಸೈನಿಕನೊಬ್ಬನಿಗೆ ಸಿಕ್ಕವು. ಅಲ್ಲಿಗೆ ಹೇಗೆ ಹೋದವು ಅಂತ ಸುಮ್ನೆ ಊಹೆ ಮಾಡುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗಲ್ಲ.

ನಿದ್ದೆ ಕೆಟ್ಟದ್ದು ಯಾಕೆ ಅಂತ ಹೇಳಲಿಲ್ಲ ಅಲ್ವಾ. 1499ರಲ್ಲಿ ಹುಟ್ಟಿದ ಹುಡುಗನಿಗೆ 1505ರಲ್ಲಿ ಆರು ವರ್ಷ. ಆ ವರ್ಷದ ಜುಲೈಯಲ್ಲಿ ಫ್ರಾನ್ಸಿಸ್ಕೊ ದ ಅಲ್ಮೇಡಾನ ಪೋರ್ಚುಗೀಸ್ ಹಡಗುಗಳು ಕಿಲ್ವಾವನ್ನು ಲೂಟಿ ಮಾಡಿದವು. ಆಗಸ್ಟಿನಲ್ಲಿ ಮೊಂಬಾಸಾ ಸುಟ್ಟರು. ಅಲ್ಲಿಂದ ಗಾಳಿ ಹಿಡಿದು ನೇರ ನಮ್ಮ ಕಡೆ. ಸೆಪ್ಟೆಂಬರಿನಲ್ಲಿ ಕಾರವಾರದ ಎದುರಿನ ಅಂಜುದೀವ್ ದ್ವೀಪಕ್ಕೆ ಬಂದು ಕೋಟೆ ಕಟ್ಟಲು ಶುರು ಮಾಡಿದರು. ಅಕ್ಟೋಬರಿನಲ್ಲಿ ಹೊನ್ನಾವರದ ಮೇಲೆ ಬಿದ್ದು ಹಡಗುಗಳಿಗೆ ಬೆಂಕಿ ಇಟ್ಟರು. ಅದೇ ಹಡಗು, ಅದೇ ಜನ, ಅದೇ ಬೆಂಕಿ. ನಮ್ಮ ಊರಿನ ಬಂದರದಲ್ಲೂ ಆ ದಿನ ಆರು ವರ್ಷದ ಹುಡುಗರು ಇದ್ದೇ ಇರುತ್ತಾರೆ. ಅವರಲ್ಲಿ ಯಾರೂ ಪುಸ್ತಕ ಬರೆದಿಡಲಿಲ್ಲ. ಬರೆದಿದ್ದರೂ ನಮ್ಮ ಕೈಗೆ ಬರಲಿಲ್ಲ.

ಅದಕ್ಕೂ ಮೊದಲು ಎರಡೂ ಊರನ್ನು ನೋಡಿ ಬರೆದವನು ಇಬ್ನ್ ಬತೂತಾ. 1331ರಲ್ಲಿ ಕಿಲ್ವಾಕ್ಕೆ ಹೋಗಿ ಅದನ್ನು ಬಹಳ ಸುಂದರ ಊರು ಅಂದ. ಸುಮಾರು ಹತ್ತು ವರ್ಷದ ನಂತರ ಹೊನ್ನಾವರಕ್ಕೆ ಬಂದು, ಇಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ಇವೆ, ಇಂಥದ್ದು ಬೇರೆಲ್ಲೂ ಕಾಣಲಿಲ್ಲ ಅಂತ ಬರೆದ. ಓದು ಕಲಿಯಲು ಅಷ್ಟು ಮಕ್ಕಳು ಇದ್ದ ಬಂದರದಿಂದಲೂ ಒಂದು ಕಿತಾಬು ನಮಗೆ ಉಳಿದಿಲ್ಲ ಅನ್ನುವುದು ಕಿಲ್ವಾದ ಆ ಏಳು ಅಧ್ಯಾಯಗಳ ಮೇಲೆ ನನಗೆ ಹೊಟ್ಟೆಕಿಚ್ಚು ತರಿಸುತ್ತದೆ.

ಪಾಟೆಯ ವೃತ್ತಾಂತದ್ದು ಬೇರೆಯೇ ಪಾಡು. ಅದು 1204ರಿಂದ ಶುರುವಾಗುತ್ತದೆ. ಒಮಾನಿನಿಂದ ಬಂದ ನಬಹಾನಿ ಅರಸುಮಗನೊಬ್ಬ ಪಾಟೆಯ ದೊರೆಯ ಮಗಳನ್ನು ಮದುವೆಯಾಗಿ ಪಟ್ಟಕ್ಕೆ ಬಂದ ಅನ್ನುತ್ತದೆ. ಮೂಲ ಹಸ್ತಪ್ರತಿ 1890ರಲ್ಲಿ ಬ್ರಿಟಿಷರು ವಿಟು ಪಟ್ಟಣದ ಮೇಲೆ ದಾಳಿ ಮಾಡಿದಾಗ ನಾಶವಾಯಿತು ಅಂತ ಹೇಳುತ್ತಾರೆ. ಈಗಿರುವುದೆಲ್ಲ ಬ್ವಾನಾ ಕಿಟಿನಿ ಎಂಬ ಅದೇ ನಬಹಾನಿ ಮನೆತನದ ಮುದುಕನ ನೆನಪು. ಒಬ್ಬ ಇಂಗ್ಲಿಷ್ ಅಧಿಕಾರಿಗೆ ಒಂದು ರೀತಿ ಹೇಳಿದ, ಇನ್ನೊಬ್ಬರಿಗೆ ಬರೆದುಕೊಟ್ಟದ್ದು ಸ್ವಲ್ಪ ಬೇರೆ. ಹಾಗಾಗಿ ಒಂದೇ ಚರಿತ್ರೆಗೆ ಹಲವು ಪಾಠ. ಹಳೇ ಇಸವಿಗಳು ನೆಲ ಅಗೆದವರ ಲೆಕ್ಕಕ್ಕೆ ಹೊಂದಲ್ಲ. ಪಾಟೆ ದೊಡ್ಡದಾದದ್ದು ಆಮೇಲೆ ಅಂತ ಅವರ ವಾದ. ಆದರೆ ಮುದುಕನನ್ನು ಸುಳ್ಳುಗಾರ ಅನ್ನಲು ನನಗೆ ಮನಸ್ಸಿಲ್ಲ. ಕಂಪನಿ ಸರ್ಕಾರದ ಅಧಿಕಾರಿ ಮೆಕೆಂಜಿ ನಮ್ಮ ಊರೂರಿನ ಕೈಫಿಯತ್ತು, ಅಂದರೆ ಊರಿನ ವೃತ್ತಾಂತ, ಬರೆಸಿದಾಗ ಶಾನುಭೋಗರು ಮಾಡಿದ್ದೂ ಇದೇ ತಾನೆ. ಇತ್ತೀಚಿನದು ಸರಿಯಾಗಿ, ಅದಕ್ಕೂ ಹಿಂದಿನದು ಊರಿನ ಮರ್ಯಾದೆಗೆ ತಕ್ಕ ಹಾಗೆ.

ಪಾಟೆ ಹಾಳಾದದ್ದನ್ನು ತಿಳಿಯಬೇಕಾದರೆ ನಾನು ಆ ವೃತ್ತಾಂತಕ್ಕಿಂತ 'ಅಲ್-ಇಂಕಿಶಾಫಿ'ಯನ್ನು ಓದು ಅನ್ನುತ್ತೇನೆ. ಸಯ್ಯಿದ್ ಅಬ್ದಲ್ಲಾ ಬಿನ್ ಅಲಿ ಬಿನ್ ನಾಸಿರ್ ಬರೆದ ಪದ್ಯ. ಒಂದು ಕಾಲಕ್ಕೆ ದೀಪಗಳಿಂದ, ಚೀನೀ ಪಿಂಗಾಣಿಯಿಂದ ಹೊಳೆಯುತ್ತಿದ್ದ ಮನೆಗಳಲ್ಲಿ ಈಗ ಹುಳುಗಳ ಸದ್ದು ಮಾತ್ರ ಕೇಳುತ್ತದೆ ಅಂತ ಅವನು ತನ್ನ ಮನಸ್ಸಿಗೇ ಹೇಳಿಕೊಳ್ಳುತ್ತಾನೆ. ಇಸವಿ ಇಲ್ಲ, ವಂಶಾವಳಿ ಇಲ್ಲ. ಆದರೆ ಪಾಳುಬಿದ್ದ ಗೋಡೆಗಳಲ್ಲಿ ಪಿಂಗಾಣಿ ಇಡಲು ಸಾಲುಸಾಲಾಗಿ ಮಾಡಿದ ಗೂಡುಗಳು ಇವತ್ತಿಗೂ ಆ ಕಡೆ ಕಾಣುತ್ತವೆ. ಕವಿ ಉತ್ಪ್ರೇಕ್ಷೆ ಮಾಡಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಮಾತು ಹೇಳದಿದ್ದರೆ ಲೆಕ್ಕ ತಪ್ಪುತ್ತದೆ. ಈ ಕಾಗದಗಳು ಓದು ಬಲ್ಲವರವು, ಮನೆ-ತೋಟ ಇದ್ದವರವು. ಜಾಂಜಿಬಾರಿನ ಪತ್ರಾಗಾರದಲ್ಲಿ ಹತ್ತೊಂಬತ್ತನೇ ಶತಮಾನದ ಸಾಲಪತ್ರ, ಅಡವು, ಕ್ರಯಪತ್ರಗಳು ಅರಬ್ಬಿಯಲ್ಲಿವೆ. ಲವಂಗದ ತೋಟ ಬೆಳೆದ ಕಾಲ ಅದು. ಆ ತೋಟಗಳಲ್ಲಿ ದುಡಿದ ಗುಲಾಮರು ಇಂಥ ಕಾಗದಗಳಲ್ಲಿ ಬಂದರೂ ಬರುವುದು ಸೊತ್ತಿನ ಪಟ್ಟಿಯಲ್ಲಿ. ಬಿಡುಗಡೆಯಾಗಿ ತಾವೇ ಸಾಕ್ಷಿ ಹಾಕಿದವರು, ಜಮೀನು ಕೊಂಡವರು ಅಲ್ಲಲ್ಲಿ ಸಿಗುತ್ತಾರೆ. ಉಳಿದವರಿಗೆ ಶಾಯಿಯೂ ಇರಲಿಲ್ಲ, ಬರೆದುಕೊಳ್ಳುವ ಮಗಳೂ ಪಕ್ಕದಲ್ಲಿ ಇರಲಿಲ್ಲ. ಹಸ್ತಪ್ರತಿ ಹಸ್ತಪ್ರತಿ ಅಂತ ಜಪ ಮಾಡುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು.

ಮಿಶನರಿ ಕ್ರಾಫ್ 1844ರಲ್ಲಿ ಮೊಂಬಾಸಾಕ್ಕೆ ಬಂದ. ಸಿಕ್ಕ ಹಸ್ತಪ್ರತಿಗಳನ್ನು ಜರ್ಮನಿಗೆ ಕಳಿಸಿದ, ಸ್ವಾಹಿಲಿಯನ್ನು ರೋಮನ್ ಅಕ್ಷರದಲ್ಲಿ ಬರೆದ. ಆಮೇಲೆ ಆಡಳಿತವೂ ಶಾಲೆಯೂ ಅದೇ ದಾರಿ ಹಿಡಿದವು. ಹಾಗಾಗಿ ಇವತ್ತು ದಾರ್‌ನ ಹುಡುಗರು ಸ್ವಾಹಿಲಿಯಲ್ಲೇ ಉಸಿರಾಡಿದರೂ ಮುತ್ತಜ್ಜನ ಸ್ವಾಹಿಲಿ ಓದಲಾರರು. ದಾರ್ ವಿಶ್ವವಿದ್ಯಾಲಯದಲ್ಲಿ, ಲಂಡನ್ನಿನ ವಿದ್ಯಾಸಂಸ್ಥೆ ಸೋಆಸ್‌ನಲ್ಲಿ ದೊಡ್ಡ ಸಂಗ್ರಹಗಳಿವೆ. ಲಾಮುವಿನ ರಿಯಾಧಾ ಮಸೀದಿಯ ಹಸ್ತಪ್ರತಿಗಳ ಫೋಟೋ ತೆಗೆದು ಬ್ರಿಟಿಷ್ ಲೈಬ್ರರಿಯ ಮೂಲಕ ಎಲ್ಲರಿಗೂ ಸಿಗುವ ಹಾಗೆ ಮಾಡಿದ್ದಾರೆ. ಒಳ್ಳೇ ಕೆಲಸ. ಕಡಲ ಗಾಳಿ, ಗೆದ್ದಲು ಎರಡಕ್ಕೂ ಸಿಗದ ಹಾಗೆ ಹಾಳೆ ಉಳಿಯಿತು.

ನಮ್ಮ ಅಟ್ಟದ ಟ್ರಂಕಿನಲ್ಲಿ ಮೋಡಿ ಲಿಪಿಯ, ಅಂದರೆ ಮರಾಠಿಯ ಹಳೇ ಕೂಡುಬರಹದ ಕಾಗದಗಳಿವೆ. ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದ್ದು. ಮನೆಯಲ್ಲಿ ಒಬ್ಬರಿಗೂ ಓದಲು ಬರಲ್ಲ. ಜಮೀನಿನದ್ದೋ, ಸಾಲದ್ದೋ, ಯಾರಾದರೂ ಮಗಳಿಗೆ ಬರೆದದ್ದೋ. ಮ್ಜೀಗೆ ಇದನ್ನು ಹೇಳಿದಾಗ ಅವರಿಗೆ ನಂಬಿಕೆ ಬರಲಿಲ್ಲ. 'ನೀನು ಲೆಕ್ಕ ಬರೆಯುವವನು. ನಿನ್ನ ಅಜ್ಜನ ಲೆಕ್ಕ ಓದಲ್ಲವಾ?' ಅಂದರು. ನಾನು ಚಹಾ ಕುಡಿದೆ.

ಆ ಸಂಜೆ ಅವರು ಪದ್ಯವನ್ನು ಅರ್ಧಕ್ಕಿಂತ ಹೆಚ್ಚು ಹಾಡಿರಬೇಕು. ಒಂದು ಕಡೆ ನಿಂತರು. ಹಾಳೆಯ ನಡುವೆ ಗೆದ್ದಲು ತಿಂದ ತೂತು, ಹೆಬ್ಬೆರಳು ತೂರುವಷ್ಟು. ಕನ್ನಡಕ ಒರೆಸಿದರು. ಹಾಳೆಯನ್ನು ದೀಪಕ್ಕೆ ಹಿಡಿದರು. ಹಿಂದಿನ ಸಾಲನ್ನು ಎರಡು ಸಲ ಹೇಳಿಕೊಂಡರು, ಮುಂದಕ್ಕೆ ಹೋಗಲಿಲ್ಲ. ಬೆರಳಿನಲ್ಲಿ ಎಂಟು ಎಣಿಸಿದರು, ಐದಕ್ಕೇ ನಿಂತಿತು.

ಒಳಗೆ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವ ಸದ್ದು ನಿಂತಿತು. ಅಜ್ಜಿ, ಎಲ್ಲರೂ ಬೀಬಿ ಅನ್ನುವವರು, ಹೊರಗೆ ಬರದೆ ಅಲ್ಲಿಂದಲೇ ಉಳಿದ ಮೂರು ಅಕ್ಷರ ಹಾಡಿದರು. ಮುಂದಿನ ಸಾಲನ್ನೂ ಹಾಡಿ ಮತ್ತೆ ತುರಿಯಲು ಶುರು ಮಾಡಿದರು. ಬೀಬಿಗೆ ಅರಬ್ಬಿ ಅಕ್ಷರ ಓದಲು ಬರುತ್ತದಾ ಅಂತ ಆಮೇಲೆ ಹುಡುಗನನ್ನು ಕೇಳಿದೆ. ಕುರಾನ್ ಓದುತ್ತಾರೆ, ಆದರೆ ಆ ಟ್ರಂಕನ್ನು ಅವರು ತೆಗೆದದ್ದು ತಾನು ನೋಡಿಲ್ಲ ಅಂದ.

ಮ್ಜೀ ಪೆನ್ಸಿಲ್ ಹುಡುಕಿ ಅಂಚಿನಲ್ಲಿ ಆ ಮೂರು ಅಕ್ಷರ ಬರೆದುಕೊಂಡರು.